ನೀಲಿ ಪಟ್ಟಿ, ಹಳದಿ ಪಟ್ಟಿ

ಒಂಬತ್ತನೆಯ ಕಂತು

"ಇನ್ನೊಂದು ರಾತ್ರಿ. ಒಂದೇ ಒಂದು ರಾತ್ರಿ ಇರೋಕೆ ಬಿಡಿ ಸಾರ್."

ಕೌಂಟರಿನಾಚೆ ನಿಂತಿದ್ದ ಮ್ಯಾನೇಜರ್ ಕಂಪ್ಯೂಟರಿನತ್ತ ನೋಡಿದ. ನೋಡುವ ಅಗತ್ಯವೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಅದನ್ನೇ ಮೂರು ಸಲ ನೋಡಿಯಾಗಿತ್ತು.

"ಪಾಯಿಂಟ್ ಸಾಲದು ಮೇಡಂ."

"ದುಡ್ಡು ಕೊಡ್ತೀನಿ."

"ದುಡ್ಡು ಕೊಟ್ಟರೂ ರೂಮಿಲ್ಲ. ಇವತ್ತು ಮಧ್ಯಾಹ್ನದಿಂದ ಇಡೀ ರೆಸಾರ್ಟನ್ನ ಒಂದು ಕಂಪನಿಯವರು ತಗೊಂಡಿದ್ದಾರೆ. ಹನ್ನೆರಡಕ್ಕೆ ಎಲ್ಲರ ಪಟ್ಟೀನೂ ತೆಗೀಲೇಬೇಕು."

ಅವನು ನಕ್ಕ. ಇಲ್ಲ ಎನ್ನುವಾಗಲೂ ನಗುವುದು ಅವನ ಕೆಲಸದ ಭಾಗ. ನನ್ನ ಜೊತೆ ಬಂದಿದ್ದ ಚಿಕ್ಕಮ್ಮ ಮೊದಲ ದಿನವೇ ಅವನಿಗೆ ಹಲ್ಲುಕಿರಿಯ ಎಂದು ಹೆಸರಿಟ್ಟಿದ್ದಳು.

ನನ್ನ ಎಡಗೈ ಮಣಿಕಟ್ಟಿನಲ್ಲಿ ನೀಲಿ ಪಟ್ಟಿಯಿತ್ತು. ಇಲ್ಲಿ ಆ ಪಟ್ಟಿಯೇ ಎಲ್ಲ. ಅದಿದ್ದರೆ ಊಟ, ತಿಂಡಿ, ಹಣ್ಣಿನ ರಸ, ಹಾಸಿಗೆ, ಸಮುದ್ರ, ಯಾವುದಕ್ಕೂ ಯಾರೂ ಕಾಸು ಕೇಳುವುದಿಲ್ಲ. ಅದಿಲ್ಲದವನನ್ನು ಗೇಟಿನ ಕಾವಲಿನವನು ಒಳಗೆ ಇಣುಕಲೂ ಬಿಡುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

ನನ್ನ ತಂಗಿ ಗುಬ್ಬಿ ಈ ರೆಸಾರ್ಟಿನಿಂದ ಕಾಣೆಯಾಗಿ ಅಂದಿಗೆ ಐದು ದಿನ. ಅವಳನ್ನು ಇಲ್ಲಿಗೆ ಕಳಿಸಿದವಳು ನಾನೇ.

ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಮಷಿನ್ ರಿಪೇರಿ ಮಾಡುವುದು ನನ್ನ ಕೆಲಸ. ವರ್ಷದಲ್ಲಿ ಇನ್ನೂರು ರಾತ್ರಿ ಊರೂರಿನ ಹೋಟೆಲುಗಳಲ್ಲಿ ಕಳೆಯುತ್ತೇನೆ. ಒಂದೇ ಕಂಪನಿಯ ಹೋಟೆಲುಗಳು. ಮಲಗಿದ ಪ್ರತಿ ರಾತ್ರಿಗೂ ಒಂದಿಷ್ಟು ಪಾಯಿಂಟು ಕೊಡುತ್ತಾರೆ. ಒಂಬತ್ತು ವರ್ಷ ಒಬ್ಬಳೇ ಮಲಗಿ ಎದ್ದದ್ದಕ್ಕೆ ಸಿಕ್ಕ ಬಹುಮಾನ ಅದು. ನನಗೆ ಯಾರ ಜೊತೆ ಹೋಗಬೇಕಿತ್ತು? ತಂಗಿಯ ಮದುವೆಗೆ ಎರಡು ವರ್ಷ ತುಂಬಿತೆಂದು, ಅವಳಿಗೂ ಅವಳ ಗಂಡನಿಗೂ ಏಳು ರಾತ್ರಿ ಇಲ್ಲಿ ಬುಕ್ ಮಾಡಿಕೊಟ್ಟೆ. "ಮಕ್ಕಳ ಗಲಾಟೆ ಇಲ್ಲ ಕಣೇ, ದೊಡ್ಡೋರಿಗೆ ಮಾತ್ರ. ಅಡುಗೆ ಇಲ್ಲ, ಪಾತ್ರೆ ಇಲ್ಲ. ರಾಣಿ ಹಾಗೆ ಇದ್ದು ಬಾ" ಅಂದಿದ್ದೆ.

ಎರಡು ರಾತ್ರಿ ಕಳೆದ ಮೇಲೆ ಅವಳ ಗಂಡ ಫೋನ್ ಮಾಡಿ ಅತ್ತ. ಮಾತಿಗೆ ಮಾತು ಬೆಳೆದು ಗುಬ್ಬಿ ಬ್ಯಾಗ್ ತೆಗೆದುಕೊಂಡು ಹೊರಟು ಹೋದಳಂತೆ. ಪೊಲೀಸರು ಬರೆದುಕೊಂಡರು. ವಯಸ್ಸಿಗೆ ಬಂದವಳು, ತಾನಾಗಿ ಹೋದವಳು, ತಾನಾಗಿ ಬರುತ್ತಾಳೆ ಎಂದರು.

ನಾನು ಉಳಿದ ಪಾಯಿಂಟುಗಳಲ್ಲಿ ಎರಡು ರಾತ್ರಿ ಕೊಂಡು ಚಿಕ್ಕಮ್ಮನನ್ನು ಕರೆದುಕೊಂಡು ಒಳಗೆ ಬಂದೆ. ಆಮೇಲೂ ಮಿಕ್ಕಿದ್ದ ಚೂರುಪಾರನ್ನು ಅಂದು ಬೆಳಿಗ್ಗೆ ತಂಗಿಯ ಗಂಡನ ಪಾಸಿಗೆ ಸುರಿದಿದ್ದೆ. ಇಬ್ಬರು ಹುಡುಕುವುದಕ್ಕಿಂತ ಮೂವರು ಹುಡುಕಿದರೆ ಮೇಲು ಅನ್ನಿಸಿತ್ತು. ದಿನದ ಅತಿಥಿಗೆ ಹಳದಿ ಪಟ್ಟಿ. ಸಂಜೆ ಆರರವರೆಗೆ.

ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಇಸ್ತ್ರಿ ಅಂಗಿ, ಕಪ್ಪು ಬೂಟು, ಅತ್ತು ಊದಿದ ಕಣ್ಣು.

"ಹೋಗಲಿ, ಇಷ್ಟಾದರೂ ಹೇಳಿ," ನಾನು ಹಲ್ಲುಕಿರಿಯನಿಗೆ ಕೈಮುಗಿದೆ. "ಮುನ್ನೂರ ಹದಿನೇಳನೇ ರೂಮಿನ ಹುಡುಗಿ ಗೇಟು ದಾಟಿದ್ದನ್ನ ನಿಮ್ಮವರು ಒಬ್ಬರಾದರೂ ನೋಡಿದ್ದಾರಾ?"

"ಅತಿಥಿಗಳ ವಿಷಯ ಯಾರಿಗೂ ಹೇಳೋ ಹಾಗಿಲ್ಲ ಮೇಡಂ."

"ನಾನು ಯಾರೋ ಅಲ್ಲ. ಅವಳ ಅಕ್ಕ."

"ಗಂಡನೇ ಬಂದು ಕೇಳಿದಾಗಲೂ ಇದೇ ಹೇಳಿದ್ದೀವಿ ಮೇಡಂ. ಇಲ್ಲಿಗೆ ಬರೋರೆಲ್ಲ ದೊಡ್ಡೋರು. ಅವರವರ ಗುಟ್ಟು ಅವರವರದು."

ಮತ್ತೆ ನಕ್ಕ. ಈ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಆ ನಗುವಿನಲ್ಲೇ ಗೊತ್ತಾಯಿತು.

"ಬನ್ನಿ ಅತ್ತಿಗೆ," ತಂಗಿಯ ಗಂಡ ನನ್ನ ಮೊಣಕೈ ಹಿಡಿದ. "ಇದು ಕಲ್ಲಿನ ಜೊತೆ ಮಾತಾಡಿದ ಹಾಗೆ."

*

ಚಿಕ್ಕಮ್ಮ ಈಜುಕೊಳದ ಪಕ್ಕದ ಜಗಲಿಯಲ್ಲಿ ಕುಳಿತು ನನಗಾಗಿ ಬ್ರೆಡ್ಡು, ಹಣ್ಣು, ಮೊಟ್ಟೆ ಗುಡ್ಡೆ ಹಾಕಿಕೊಂಡಿದ್ದಳು.

ಸುತ್ತ ಒರಗುಕುರ್ಚಿಗಳಲ್ಲಿ ಜನ ಕಣ್ಣು ಮುಚ್ಚಿ ಮಲಗಿದ್ದರು. ಕೊಳದ ನೀರು ಅಲ್ಲಾಡುತ್ತಿರಲಿಲ್ಲ. ಯಾರೂ ಓಡುತ್ತಿರಲಿಲ್ಲ, ಬೀಳುತ್ತಿರಲಿಲ್ಲ, ಹಟ ಮಾಡುತ್ತಿರಲಿಲ್ಲ. ಅಜ್ಜಿ ಹೇಳುತ್ತಿದ್ದ ಒಂದು ಕತೆಯಲ್ಲಿ ಇಂಥದೇ ಅರಮನೆಯಿತ್ತು. ಬಯಸಿದ್ದು ತಟ್ಟೆಗೆ ಬಂದು ಬೀಳುತ್ತಿತ್ತು. ಹಾಸಿಗೆ ತಾನೇ ಹಾಸಿಕೊಳ್ಳುತ್ತಿತ್ತು. ದಾರಿ ತಪ್ಪಿ ಬಂದ ರಾಜಕುಮಾರಿಗೆ ಮೂರನೆಯ ದಿನ ಹೊಳೆಯಿತಂತೆ, ಇಲ್ಲಿ ಒಂದು ಕೂಸಿನ ಅಳುವೂ ಕೇಳಿಸುತ್ತಿಲ್ಲ, ಇದು ಮನುಷ್ಯರ ಮನೆಯಲ್ಲ ಎಂದು.

"ಚಿಕ್ಕಮ್ಮ, ಅಜ್ಜಿ ಹೇಳ್ತಿದ್ದಳಲ್ಲ, ಆ ಅರಮನೆ..."

"ನಿನ್ನಜ್ಜಿ ನನ್ನಮ್ಮ ಕಣೇ. ಅವಳ ಕತೆ ನಂಗೇ ಹೇಳ್ಬೇಡ. ತಿನ್ನು. ನೀನು ಬಿಟ್ಟಿದ್ದೆಲ್ಲ ಹಲ್ಲುಕಿರಿಯನಿಗೆ ಲಾಭ."

"ಗಂಟಲಲ್ಲಿ ಇಳಿಯಲ್ಲ."

"ಹೊಟ್ಟೆ ಖಾಲಿ ಇದ್ದರೆ ತಲೆ ಓಡಲ್ಲ. ಒಂದು ಮೊಟ್ಟೆ ಆದ್ರೂ ನುಂಗು."

ಚಿಕ್ಕಮ್ಮ ವಿಮಾನ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಳೆದುಹೋದ ಪೆಟ್ಟಿಗೆಗಳನ್ನು ಹುಡುಕಿಕೊಟ್ಟವಳು. ಬಿಕ್ಕಿ ಬಿಕ್ಕಿ ಅಳುವವರನ್ನೂ ಮೇಜು ಗುದ್ದುವವರನ್ನೂ ಎದುರಿಗೆ ಕೂರಿಸಿಕೊಂಡು ಒಂದೇ ಧ್ವನಿಯಲ್ಲಿ ಮೂರು ಪ್ರಶ್ನೆ ಕೇಳುತ್ತಿದ್ದಳಂತೆ. ಈಗ ಆ ಧ್ವನಿಯನ್ನು ತಂಗಿಯ ಗಂಡನತ್ತ ತಿರುಗಿಸಿದಳು.

"ಅಳಿಯಂದ್ರೇ, ಗುಬ್ಬಿ ಬ್ಯಾಗ್ ತಗೊಂಡು ಹೋದಳು ಅಂದ್ರಲ್ಲ. ಯಾವ ಬಣ್ಣದ್ದು?"

"ಹಸಿರು ಅತ್ತೆ. ಪೊಲೀಸರಿಗೂ ಹೇಳಿದ್ದೀನಿ."

"ದೊಡ್ಡದಾ?"

"ಇಷ್ಟೆತ್ತರ ಇದೆ."

"ಹೇಗೆ ತಗೊಂಡು ಹೋದಳು?"

"ಎಳ್ಕೊಂಡು ಹೋದಳು. ಗಾಲಿ ಇದೆಯಲ್ಲ." ಅವನು ಮುಖ ಮುಚ್ಚಿಕೊಂಡ. "ವರಾಂಡದ ಕೊನೆ ತನಕ ಗಾಲಿ ಸದ್ದು ಕೇಳಿಸ್ತಾ ಇತ್ತು ಅತ್ತೆ. ಆಗಲೇ ಹಿಂದೆ ಓಡಿ ಹೋಗಿ ಕಾಲು ಹಿಡ್ಕೊಂಡಿದ್ದರೆ ಆಗ್ತಿತ್ತು. ಆ ಸದ್ದು ಇನ್ನೂ ಕಿವೀಲಿದೆ."

ನನಗೆ ಅಳು ಒತ್ತರಿಸಿ ಬಂತು. ಅವನ ಬೆನ್ನ ಮೇಲೆ ಕೈಯಿಟ್ಟೆ. ಚಿಕ್ಕಮ್ಮ ಮಾತ್ರ ಮೊಟ್ಟೆಯ ಮೇಲೆ ಉಪ್ಪು ಉದುರಿಸಿದಳು.

"ಸರಿ. ನೀವು ದಂಡೆ ಕಡೆ ಹೋಗಿ ಫೋಟೋ ತೋರಿಸಿ. ದೋಣಿಯವರನ್ನ ಕೇಳಿ. ನಾವು ಈ ಕಡೆ ನೋಡ್ತೀವಿ."

ಅವನು ಹೋದ. ಆ ಮರಳಿನಲ್ಲಿ ಬೂಟು ಹಾಕಿಕೊಂಡು ನಡೆಯುವುದು ನೋಡಿಯೇ ಕರುಳು ಚುರ್ ಎಂದಿತು. ಎಲ್ಲರೂ ಬರಿಗಾಲಲ್ಲಿ ತೇಲುತ್ತಿರುವ ಜಾಗದಲ್ಲಿ ಅವನೊಬ್ಬನೇ ಸಾವಿನ ಮನೆಗೆ ಬಂದವನಂತೆ ಕಾಣುತ್ತಿದ್ದ.

ಆಗ ನನ್ನ ಫೋನು ಕಿಣಿಗುಟ್ಟಿತು.

ಹೋಟೆಲ್ ಕಂಪನಿಯ ಸಂದೇಶ. ದಿನಕ್ಕೆ ನಾಲ್ಕು ಬರುತ್ತವೆ, ಓದದೆ ಅಳಿಸುವುದು ರೂಢಿ. ಬೆರಳು ಅಳಿಸಲು ಹೋಗಿ ನಿಂತಿತು.

*ಅಭಿನಂದನೆ! ನಿಮ್ಮ ಖಾತೆಗೆ ಒಂಬತ್ತು ಪಾಯಿಂಟ್ ಸೇರಿದೆ.*

"ಏನಂತೆ?"

"ಒಂಬತ್ತು ಪಾಯಿಂಟ್ ಬಂದಿದೆ. ಇಲ್ಲಿ ನಾವೇನೂ ಕೊಂಡಿಲ್ಲವಲ್ಲ ಚಿಕ್ಕಮ್ಮ. ಎಲ್ಲ ಸೇರಿಸಿಯೇ ಇದೆ."

"ಎಲ್ಲ ಅಂದರೆ ಎಲ್ಲಾನೂನಾ?"

ರೂಮಿನ ಬಾಗಿಲ ಹಿಂದಿನ ಹಾಳೆ ನೆನಪಿಗೆ ಬಂತು. ಮೂರಕ್ಕೆ ಮಾತ್ರ ಇಲ್ಲಿ ಬೇರೆ ದುಡ್ಡು. ಮೈ ತಿಕ್ಕಿಸಿಕೊಳ್ಳುವುದು, ದೋಣಿ ಸವಾರಿ, ಔಷಧಿ. ದುಡ್ಡು ಬಿದ್ದ ಕಡೆ ಪಾಯಿಂಟು ಹುಟ್ಟುತ್ತದೆ.

ಸಂದೇಶವನ್ನು ಬಿಡಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು.

*ಕ್ಲಿನಿಕ್. ಕೊಠಡಿ 317.*

ತಾರೀಖು ಮೊನ್ನೆಯದು. ಪಾಯಿಂಟು ಖಾತೆಗೆ ಸೇರಲು ಎರಡು ದಿನ ಹಿಡಿಯುತ್ತದೆ.

ಬುಕಿಂಗ್ ನನ್ನ ಹೆಸರಿನಲ್ಲಿತ್ತು. ಹಾಗಾಗಿ ಆ ರೂಮಿನ ಪಾಯಿಂಟು ನನಗೇ ಬಂದಿತ್ತು. ಗುಬ್ಬಿ ಹೋಗಿ ಐದು ದಿನವಾಗಿತ್ತು. ಅವಳ ಗಂಡ ಹೊರಗೆ ಹುಡುಕುತ್ತೇನೆಂದು ಅದೇ ದಿನ ಪಟ್ಟಿ ಕತ್ತರಿಸಿಕೊಂಡು ಗೇಟಿನಾಚೆಯ ಲಾಡ್ಜಿಗೆ ಹೋಗಿದ್ದ. ಖಾಲಿ ರೂಮಿಗೆ ಮೊನ್ನೆ ಯಾರೋ ಔಷಧಿ ಕೊಂಡಿದ್ದರು.

"ಬದುಕಿದ್ದಾಳೆ," ನಾನು ಎದ್ದು ನಿಂತೆ. "ಚಿಕ್ಕಮ್ಮ, ಇಲ್ಲೇ ಇದ್ದಾಳೆ. ಅವಳನ್ನ ಇಲ್ಲೇ ಎಲ್ಲೋ ಕೂಡಿಹಾಕಿದ್ದಾನೆ ಆ ಹಲ್ಲುಕಿರಿಯ!"

"ಕಿರುಚ್ಬೇಡ. ಯಾರಿಗೆ ಬರೀತಿದೀಯ?"

"ಇವನಿಗೆ. ತಂಗಿ ಗಂಡನಿಗೆ ಕಳಿಸ್ತಿದೀನಿ. ಪಾಪ, ಅಷ್ಟೊಂದು..."

"ಬೇಡ!"

ಕಳಿಸಿಯಾಗಿತ್ತು.

ಚಿಕ್ಕಮ್ಮನ ಮುಖ ಬಿಗಿಯಿತು. ತಟ್ಟೆ ಪಕ್ಕಕ್ಕಿಟ್ಟಳು.

"ಕೂತ್ಕೋ. ಆ ಹಸಿರು ಬ್ಯಾಗ್ ಯಾರದು ಗೊತ್ತಾ? ನಂದು. ಗುಬ್ಬಿ ಹೊರಡೋ ಹಿಂದಿನ ದಿನ ನನ್ನ ಹತ್ರ ತಗೊಂಡಳು. ಅದರ ಗಾಲಿ ಮುರಿದು ಎರಡು ವರ್ಷ ಆಯ್ತು. ಎರಡೂ ಕಿತ್ತು ಬಿಸಾಕಿ, ಹೆಗಲಿಗೆ ಹಾಕ್ಕೊಳ್ಳೋ ಹಾಗೆ ಪಟ್ಟೆ ಹೊಲಿದವಳು ನಾನೇ."

"ಹಾಗಾದ್ರೆ..."

"ಗಾಲಿ ಇಲ್ಲದ ಬ್ಯಾಗ್ ವರಾಂಡದ ಕೊನೆ ತನಕ ಸದ್ದು ಮಾಡ್ಕೊಂಡು ಹೋಯ್ತಾ? ಅವಳು ಹೋಗಿದ್ದನ್ನ ಅವನು ನೋಡೇ ಇಲ್ಲ. ಬ್ಯಾಗ್ ಹೊತ್ತಿದ್ದೂ ಗೊತ್ತಿಲ್ಲ ಅವನಿಗೆ. ಕತೆ ಕಟ್ಟಿದ್ದಾನೆ."

"ದುಃಖದಲ್ಲಿ ತಪ್ಪು ಹೇಳಿರಬಹುದು ಚಿಕ್ಕಮ್ಮ. ದಿನಾ ನಂಗೆ ಫೋನ್ ಮಾಡಿ ಅಳ್ತಾನೆ ಅವನು."

"ಪೆಟ್ಟಿಗೆ ಕಳ್ಕೊಂಡೋರು ಬಣ್ಣ ಮರೀತಾರೆ, ಅಳತೆ ಮರೀತಾರೆ. ಇಲ್ಲದ ಸದ್ದು ಯಾರಿಗೂ ನೆನಪಿರಲ್ಲ. ಈಗಲೇ ಅವನಿಗೆ ಇನ್ನೊಂದು ಬರಿ. ಔಷಧಿ ನಾನೇ ತಗೊಂಡಿದ್ದೆ, ರೂಮ್ ನಂಬರ್ ತಪ್ಪಾಗಿದೆ ಅಂತ ಬರಿ."

ಬರೆದೆ. ಅಕ್ಷರಗಳು ಮಂಜಾಗಿ ಎರಡು ಸಲ ತಪ್ಪಿದವು. ಅರ್ಧ ನಿಮಿಷದಲ್ಲಿ ಅವನ ಉತ್ತರ ಬಂತು. *ಸರಿ ಅತ್ತಿಗೆ. ನಾನು ದೋಣಿಗಳ ಹತ್ತಿರ ಇದ್ದೀನಿ.*

"ನೋಡು, ನಂಬಿದ," ಅಂದೆ.

ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟಳು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

*

ಅಡುಗೆಮನೆಗಳ ಹಿಂದೆ, ಬಣ್ಣದ ಛತ್ರಿಗಳು ಯಾವುವೂ ಕಾಣಿಸದ ಕಡೆ, ಎರಡು ಬಿಳಿ ಕೋಣೆಗಳ ಕ್ಲಿನಿಕ್ಕು. ಒಂದು ಮಂಚ, ತೂಕದ ಯಂತ್ರ, ಗೋಡೆಗೆ ಸೇರಿದ ಔಷಧಿ ಬೀರು. ಕಿಟಕಿ ತೆರೆದಿತ್ತು. ಹೊರಗೆ ಸಮುದ್ರದ ಮರಳನ್ನೇ ಹರಡಿದ ಕಿರುದಾರಿ.

ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದ ನರ್ಸು ಹತ್ತಿ ಉಂಡೆ ಮಾಡುತ್ತಿದ್ದಳು. ನನ್ನ ಚಿಕ್ಕಮ್ಮನಿಗಿಂತ ಸ್ವಲ್ಪ ಚಿಕ್ಕವಳಿರಬೇಕು.

"ಹೊರಡೋ ದಿನ ಎಲ್ಲರಿಗೂ ತಲೆನೋವು," ಅಂದಳು ತಲೆ ಎತ್ತದೆ. "ರೂಮ್ ನಂಬರ್?"

"ಮುನ್ನೂರ ಹದಿನೇಳು," ಅಂದೆ.

ಹತ್ತಿ ಸುತ್ತುತ್ತಿದ್ದ ಬೆರಳುಗಳು ನಿಂತವು.

"ಅದು ಖಾಲಿ ಇದೆ."

"ಖಾಲಿ ರೂಮಿಗೆ ಮೊನ್ನೆ ಜ್ವರ ಬಂದಿತ್ತೇನಮ್ಮ?" ಚಿಕ್ಕಮ್ಮ ಮಂಚದ ಮೇಲೆ ಕುಳಿತಳು.

"ತಪ್ಪಾಗಿ ಬರೆದಿರ್ಬೇಕು. ಸಾವಿರ ಸಲ ಬರೀತೀವಿ ದಿನಕ್ಕೆ."

ಆಸ್ಪತ್ರೆಗಳಲ್ಲೇ ನನ್ನ ಒಂಬತ್ತು ವರ್ಷ ಸವೆದಿದೆ. ಸುಳ್ಳು ಹೇಳುವ ಮೊದಲು ಔಷಧಿ ಬೀರುವಿನ ಕಡೆ ನೋಡುವ ನರ್ಸುಗಳನ್ನು ಎಷ್ಟೋ ಕಂಡಿದ್ದೇನೆ. ನಾನೂ ಬೀರುವನ್ನು ನೋಡಿದೆ. ಅದಕ್ಕೆ ಬೀಗದ ಕೈ ಇರಲಿಲ್ಲ. ಅಂಕಿ ಒತ್ತುವ ಗುಂಡಿಗಳಿದ್ದವು.

"ಇಂಥ ಬೀರು ನಂಗೆ ಗೊತ್ತು ಸಿಸ್ಟರ್. ರೂಮಿನ ನಂಬರ್ ಒತ್ತಿದರೇನೇ ತೆಗೆಯುತ್ತೆ. ಜನ ಇಲ್ಲದ ರೂಮಿನ ನಂಬರ್ ಒತ್ತಿದರೆ ಕೆಂಪು ದೀಪ ಬರುತ್ತೆ. ಮೊನ್ನೆ ತೆಗೆದಿದೆ, ಅದರ ಪಾಯಿಂಟ್ ನನ್ನ ಫೋನಿಗೆ ಬಂದಿದೆ. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ನನ್ನ ತಂಗಿ ಇನ್ನೂ ಇಲ್ಲೇ ಇದ್ದಾಳೆ."

"ನಂಗೇನೂ ಗೊತ್ತಿಲ್ಲ. ಹೋಗಿ, ಮ್ಯಾನೇಜರನ್ನ ಕೇಳಿ."

"ಕೇಳಿ ಕೇಳಿ ಸಾಕಾಗಿದೆ! ಹನ್ನೆರಡಕ್ಕೆ ನನ್ನನ್ನ ಹೊರಗೆ ಹಾಕ್ತಾರೆ. ಆಮೇಲೆ ಈ ಗೇಟಿನೊಳಗೆ ಕಾಲಿಡೋಕೆ ನಂಗೆ ಯಾವ ದಾರೀನೂ ಇಲ್ಲ. ಅವಳಿಗೆ ಏನಾಗಿದೆ? ಗಾಯನಾ? ಯಾರು ಹೊಡೆದರು? ಹೆಣ ಆಗಿದ್ದರೆ ಹೆಣ ಅಂತಾದ್ರೂ ಹೇಳಿ..."

ನಾನು ನೆಲದ ಮೇಲೆ ಕುಳಿತು ಅವಳ ಪಾದ ಹಿಡಿದುಕೊಂಡೆ. ಬಿಳಿ ಬಟ್ಟೆಯ ಶೂಗಳು. ಅವಳು ಬೆಚ್ಚಿ ಹಿಂದೆ ಸರಿದಳು.

"ಏಳಿ, ಏಳಿ! ಏನಿದು!"

"ಅವಳಿಗೆ ನಾನೇ ತಾಯಿ ಹಾಗೆ ಸಿಸ್ಟರ್."

ಅವಳು ನನ್ನನ್ನು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು.

"ನಿಮ್ಮನ್ನ ಅವಳು ಏನಂತ ಕರೀತಾಳೆ?"

"ಅಕ್ಕ ಅಂತ."

"ಎಲ್ಲರೂ ಅಕ್ಕಾನೇ ಅಂತಾರೆ. ಬೇರೆ?"

ನನಗೆ ಮೊದಲು ಹೊಳೆಯಲಿಲ್ಲ. ಚಿಕ್ಕಮ್ಮನೇ ಹೇಳಿದಳು. "ಹೇಳೇ. ಸಿಟ್ಟು ಬಂದಾಗ ಏನಂತಾಳೆ?"

"ಕರೆಂಟಕ್ಕ," ಅಂದೆ. "ಮುಟ್ಟಿದರೆ ಹೊಡೀತಾಳೆ ಅಂತ."

ನರ್ಸು ಎದ್ದು ಹೋಗಿ ಬಾಗಿಲ ಅಗುಳಿ ಹಾಕಿಬಂದಳು.

"ಒಬ್ಬರೇ ಬಂದಿದೀರಾ?"

"ನಾನು, ನಮ್ಮ ಚಿಕ್ಕಮ್ಮ. ಅಷ್ಟೇ."

"ನಿಮ್ಮ ತಂಗಿ ಬದುಕಿದ್ದಾಳೆ," ಅಂದಳು.

ಆ ಮಾತಿಗೆ ನಾನು ಅಳಬೇಕಿತ್ತು. ಅಳು ಬರಲಿಲ್ಲ. ಮಂಚದ ಕಬ್ಬಿಣದ ಕಾಲನ್ನು ಹಿಡಿದುಕೊಂಡು ಅದರ ತಂಪನ್ನೇ ಅನುಭವಿಸುತ್ತ ಕುಳಿತೆ.

"ಐದು ದಿನದ ಹಿಂದೆ ಬೆಳಗಾಗೋ ಹೊತ್ತಿಗೆ ಬಂದಳು. ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ಎಡಗೈ ಎದೆಗೆ ಒತ್ತಿಕೊಂಡು. ಎರಡು ಬೆರಳು ತಿರುಚಿದ್ದಾನೆ. ಒಂದು ಮುರಿದಿದೆ. ಉಂಗುರ ಕೂತ ಕಡೆ ಚರ್ಮ ಕಿತ್ತು ಬಂದಿತ್ತು."

"ಯಾರು?" ಅಂದೆ. ಉತ್ತರ ಗೊತ್ತಿದ್ದೂ ಕೇಳಿದೆ.

"ಇನ್ಯಾರು? ಫೋನೂ ಕಿತ್ಕೊಂಡಿದ್ದಾನೆ. ಅವಳ ಹತ್ರ ಅವನದ್ದೇನೋ ಇದೆಯಂತೆ. ನಂಗೂ ತೋರಿಸಿಲ್ಲ. ಅಕ್ಕನ ಕೈಗೇ ಕೊಡ್ಬೇಕು ಅಂತಾಳೆ. ಅವನು ಅದಕ್ಕೋಸ್ಕರಾನೇ ಬೆರಳು ಮುರಿದಿದ್ದು."

ಚಿಕ್ಕಮ್ಮ ಮುಂದೆ ಬಾಗಿದಳು. "ಮತ್ತೆ ಇವಳಿಗೆ ಯಾಕಮ್ಮ ತಿಳಿಸ್ಲಿಲ್ಲ? ಒಂದು ಫೋನ್ ಸಾಕಿತ್ತಲ್ಲ."

ನರ್ಸು ನನ್ನ ಕಡೆ ನೋಡದೆ ಹೇಳಿದಳು. "ನಾನೂ ಅದೇ ಅಂದೆ. ಅವಳು ಬೇಡ ಅಂತ ಕೈ ಹಿಡ್ಕೊಂಡಳು. ಅಕ್ಕ ಅವನನ್ನ ನಂಬ್ತಾಳೆ, ನನಗಿಂತ ಜಾಸ್ತಿ ನಂಬ್ತಾಳೆ. ಅಕ್ಕನಿಗೆ ಗೊತ್ತಾದ ಮರುಗಳಿಗೆ ಅವನಿಗೆ ಗೊತ್ತಾಗುತ್ತೆ. ಅಕ್ಕ ಹುಡುಕ್ಕೊಂಡು ಬಂದೇ ಬರ್ತಾಳೆ, ಒಬ್ಬಳೇ ಬಂದರೆ ಕಳಿಸಿ, ಅವನ ಜೊತೆ ಬಂದರೆ ನನ್ನನ್ನ ನೋಡೇ ಇಲ್ಲ ಅನ್ನಿ, ಅಂದಳು."

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಒಂದೆರಡು ಸಲ ಗುಬ್ಬಿ ನನ್ನೆದುರು ಏನೋ ಹೇಳಲು ಬಾಯಿ ತೆರೆದಿದ್ದಳು. "ಹೊಂದ್ಕೊಂಡು ಹೋಗೇ, ಒಳ್ಳೇ ಹುಡುಗ" ಎಂದು ಅವಳ ಮಾತನ್ನು ಅಲ್ಲೇ ಮುಚ್ಚಿದ್ದೆ. ಸಂಜೆ ಅವನಿಗೆ ಫೋನ್ ಮಾಡಿ, "ಯಾಕೋ ಬೇಜಾರಲ್ಲಿದ್ದಾಳೆ, ಸ್ವಲ್ಪ ನೋಡ್ಕೊಳ್ಳಪ್ಪ" ಎಂದೂ ಹೇಳಿದ್ದೆ.

"ಎಲ್ಲಿದ್ದಾಳೆ?"

"ಬಟ್ಟೆ ಒಗೆಯೋ ಕಟ್ಟಡದ ಹಿಂದೆ ಹೊಲಿಗೆ ಕೋಣೆ ಇದೆ. ಹರಿದ ದುಪ್ಪಟಿ ಹೊಲಿಯೋ ಜಾಗ. ಹೊಲಿಯೋಳು ರಜಾ ಹಾಕಿದಾಳೆ, ಕೀ ನನ್ನ ಹತ್ರ ಇತ್ತು. ಒಳಗಿಂದ ಚಿಲಕ ಹಾಕ್ಕೊಂಡಿರ್ತಾಳೆ. ಊಟ ನಾನೇ ಕೊಡ್ತೀನಿ. ಮೊದಲ ದಿನ ನನ್ನ ಕೈಲಿದ್ದ ಬ್ಯಾಂಡೇಜಲ್ಲೇ ಸುಧಾರಿಸಿದೆ. ಮೊನ್ನೆ ಗಾಯ ಕೀವಾಗಿ ಜ್ವರ ಬಂತು. ಮಾತ್ರೆ ಬೇಕೇ ಬೇಕಾಯ್ತು. ಬೀರು ನಂಬರ್ ಕೇಳ್ತು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ರೋಗಿ ಕೈಲಿರೋ ಪಟ್ಟಿ ಮೇಲಿನ ನಂಬರ್ ನೋಡಿ ಒತ್ತೋದು. ಒತ್ತಿಬಿಟ್ಟೆ. ಅದು ಪಾಯಿಂಟಾಗಿ ನಿಮ್ಮ ಫೋನಿಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಮ್ಯಾನೇಜರ್?"

"ಅವನಿಗೇನೂ ಗೊತ್ತಿಲ್ಲ ಪಾಪ. ಪಾಯಿಂಟಲ್ಲಿ ಮಾಡಿದ ಬುಕಿಂಗನ್ನ ಯಾರ ಹೆಸರಲ್ಲಿದೆಯೋ ಅವರೇ ಮುಗಿಸ್ಬೇಕು. ನೀವು ಮುಗಿಸ್ಲಿಲ್ಲ. ಏಳು ರಾತ್ರಿ ನಿಮ್ಮ ತಂಗೀದೇ. ಅದಕ್ಕೇ ಯಾರೂ ಅವಳನ್ನ ಕೇಳ್ಲಿಲ್ಲ. ಇವತ್ತು ಹನ್ನೆರಡಕ್ಕೆ ಅದೂ ಮುಗೀತು. ಹನ್ನೆರಡಕ್ಕೆ ಕೊಳೆ ಬಟ್ಟೆ ವ್ಯಾನ್ ಹೊರಡುತ್ತೆ, ಅದರಲ್ಲಿ ದುಪ್ಪಟಿ ಹೊದಿಸಿ ಸಾಗಿಸೋಣ ಅಂತಿದ್ದೆ. ಗೇಟಿನಾಚೆ ಅವನು ಐದು ದಿನದಿಂದ ಕಾಯ್ತಿದ್ದಾನಲ್ಲ."

ನರ್ಸು ಮೊದಲ ಸಲ ನಕ್ಕಳು. ದಣಿದ, ಒಳ್ಳೆಯ ನಗು.

"ಅವಳು ದಿನಾ ಒಂದು ಮಾತು ಹೇಳ್ತಿರ್ತಾಳೆ. ನಮ್ಮಕ್ಕ ಎಂಥ ಜಾಗಕ್ಕೆ ಕಳಿಸಿದಳು ನೋಡಿ ಸಿಸ್ಟರ್, ಪಟ್ಟಿ ಇಲ್ಲದೆ ಯಮನೂ ಒಳಗೆ ಬರಲ್ಲ ಇಲ್ಲಿ, ಅಂತ. ಅವನಿಗೆ ಪಟ್ಟಿ ಇಲ್ಲ. ಅದೊಂದೇ ಅವಳಿಗೆ ಧೈರ್ಯ."

ನಾನು ಮಂಚ ಹಿಡಿದು ಎದ್ದು ನಿಂತೆ.

"ಸಿಸ್ಟರ್," ಅಂದೆ. "ಅವನು ಒಳಗಿದ್ದಾನೆ."

"ಯಾರು?"

"ಬೆಳಿಗ್ಗೆ ನಾನೇ ಕರ್ಕೊಂಡು ಬಂದೆ. ಹಳದಿ ಪಟ್ಟಿ. ನನ್ನ ಪಾಯಿಂಟಲ್ಲಿ."

ನರ್ಸಿನ ಕೈಯಿಂದ ಹತ್ತಿಯ ಡಬ್ಬಿ ಜಾರಿತು. ಬಿಳಿ ಉಂಡೆಗಳು ನೆಲದ ತುಂಬ ಉರುಳಿದವು.

"ಒಬ್ಬರೇ ಅಂದ್ರಲ್ಲ!"

"ದೋಣಿಗಳ ಹತ್ತಿರ ಇದ್ದೀನಿ ಅಂತ ಬರೆದಿದ್ದಾನೆ. ದೂರ ಇದ್ದಾನೆ. ಅವನಿಗೆ ಗೊತ್ತಿಲ್ಲ..."

ಚಿಕ್ಕಮ್ಮ ಆಗಲೇ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ್ದಳು. ಅವಳು ನಮ್ಮತ್ತ ತಿರುಗಿದಳು. ಮೂವತ್ತೊಂದು ವರ್ಷ ಒಂದೇ ಧ್ವನಿಯಲ್ಲಿ ಮಾತಾಡಿದವಳ ಧ್ವನಿ ನಡುಗಿತು.

"ಇಲ್ಲಿ ಯಾರೋ ನಿಂತಿದ್ದರು ಕಣೇ. ಕಿಟಕಿ ಕೆಳಗೆ. ಬೂಟಿನ ಗುರುತು."

*

ಓಡಿದೆ. ಚಿಕ್ಕಮ್ಮನೂ ನರ್ಸೂ ಹಿಂದೆ ಉಳಿದರು. ಅಡುಗೆಮನೆ, ತರಕಾರಿಯ ಬುಟ್ಟಿಗಳು, ಈಜುಕೊಳ. ಒರಗುಕುರ್ಚಿಯವರು ಕಣ್ಣು ತೆರೆದು ಮೊದಲು ಕಂಡದ್ದು ನನ್ನನ್ನೇ ಇರಬೇಕು. ಯಾರದೋ ಗ್ಲಾಸು ಕಾಲಿಗೆ ಸಿಕ್ಕಿ ಒಡೆಯಿತು. "ಏನ್ರೀ ಇದು!" ಎಂದರು ಯಾರೋ. ಬಟ್ಟೆ ಒಗೆಯುವ ಕಟ್ಟಡದ ಕೆಂಪು ಚಿಮಣಿ ಮರಗಳ ಮೇಲೆ ಕಾಣಿಸುತ್ತಿತ್ತು. ಎಷ್ಟು ಓಡಿದರೂ ಅದು ಅಷ್ಟೇ ದೂರದಲ್ಲಿತ್ತು.

ಕೌಂಟರಿನ ಮುಂದೆ ಹಾಯುವಾಗ ಹಲ್ಲುಕಿರಿಯನಿಗೆ ಕೂಗಿ ಹೇಳಿದೆ. "ಹಳದಿ ಪಟ್ಟಿ! ನಾನು ಕೊಡಿಸಿದ್ದು! ಅವನನ್ನ ಹಿಡೀರಿ, ಹೊರಗೆ ಹಾಕಿ!"

"ಮೇಡಂ, ಪಾಯಿಂಟಲ್ಲಿ ತಗೊಂಡ ಪಾಸ್ ಮಧ್ಯೆ ರದ್ದು ಮಾಡೋಕೆ..."

ಉಳಿದದ್ದನ್ನು ಕೇಳಲು ನಿಲ್ಲಲಿಲ್ಲ.

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಅವನ ಕರೆ.

"ಎಲ್ಲಿದ್ದೀಯೋ!" ಎಂದು ಚೀರಬೇಕೆಂದುಕೊಂಡೆ. ಉಸಿರಿರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಏದುಸಿರು ಬಿಡುತ್ತ ನಿಂತೆ.

ಆ ಕಡೆಯಿಂದ ಅವನು ಮಾತಾಡಲಿಲ್ಲ. ಒಗೆಯುವ ಯಂತ್ರಗಳ ಗುಂಯ್‌ಗುಡುವಿಕೆ ಕೇಳಿಸಿತು. ಅದರ ನಡುವೆ ಮರದ ಮೇಲೆ ಬೆರಳಿನ ಗೆಣ್ಣು ಬಡಿದ ಸದ್ದು. ಮೆಲ್ಲಗೆ, ಮರ್ಯಾದೆಯಿಂದ, ಮೂರು ಸಲ.

ಆಮೇಲೆ, ತುಂಬ ದೂರದಿಂದ, ಜ್ವರದಲ್ಲಿ ತೆಳ್ಳಗಾದ ಧ್ವನಿ.

"ಯಾರು?"

ಐದು ದಿನ. ಐದು ದಿನದಿಂದ ಆ ಧ್ವನಿ ಇನ್ನು ಕೇಳುವುದೇ ಇಲ್ಲವೇನೋ ಎಂದುಕೊಂಡಿದ್ದೆ. ನನ್ನ ತಲೆಯಲ್ಲಿ ಏನೂ ಉಳಿಯಲಿಲ್ಲ. ಅವನೂ ಉಳಿಯಲಿಲ್ಲ, ಬೂಟಿನ ಗುರುತೂ ಉಳಿಯಲಿಲ್ಲ.

"ಗುಬ್ಬೀ!" ಕೂಗಿದೆ. "ನಾನು ಕಣೇ, ಅಕ್ಕ! ಬಂದಿದೀನಿ ಕಣೇ!"

ನನ್ನ ಮಾತು ಆ ಕಡೆ ದೊಡ್ಡದಾಗಿ ಮೊಳಗಿ ನನ್ನ ಕಿವಿಗೇ ಮರಳಿ ಬಂತು. ಅವನು ಸ್ಪೀಕರ್ ಹಾಕಿ ಫೋನನ್ನು ಬಾಗಿಲಿಗೆ ಹಿಡಿದಿದ್ದ.

"ಅಕ್ಕಾ?" ಗುಬ್ಬಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ. "ನೀನಾ? ಒಬ್ಬಳೇ ಬಂದಿದೀಯಾ?"

"ಬೇಡ! ತೆಗೀಬೇಡ! ಗುಬ್ಬೀ, ತೆಗೀಬೇಡ ಕಣೇ!"

ಈ ಸಲ ನನ್ನ ಧ್ವನಿ ಮರಳಿ ಬರಲಿಲ್ಲ. ಅವನು ಸ್ಪೀಕರ್ ಆರಿಸಿದ್ದ.

ನಾನು ಇನ್ನೂ ಕಿರುಚುತ್ತಿದ್ದಂತೆಯೇ, ಆ ಕಡೆ ಚಿಲಕ ಸರಿದ ಸದ್ದು ಕೇಳಿಸಿತು.